ಮೆಟ್ಟಿಲ ಕೆಳಗಿನ ಕುಲಾವಿ ಅಂಗಡಿ

ಮುಂಬೈಯ ಪರೇಲಿನ ಫುಟ್‌ಪಾತಿನ ಮೇಲೆ ಮಲಗಿದ್ದವರು ಒಬ್ಬೊಬ್ಬರಾಗಿ ಏಳುತ್ತಿದ್ದಾರೆ. ಪ್ಲಾಸ್ಟಿಕ್ ಹಾಳೆ ಮಡಚುವ ಸದ್ದು, ಕೆಮ್ಮು, ಎಲ್ಲೋ ಒಂದು ಮಗುವಿನ ಅಳು. ಎಲ್ಲರೂ ದೂರದೂರುಗಳಿಂದ ಇಲ್ಲಿಯ ಆಸ್ಪತ್ರೆಗಳಿಗೆ ಬಂದವರು. ಒಳಗಿನ ಹಾಸಿಗೆ ದಾಖಲಾದ ರೋಗಿಗೆ ಮಾತ್ರ, ಉಳಿದ ರೋಗಿಗಳಿಗೂ ಜೊತೆಗೆ ಬಂದವರಿಗೂ ಫುಟ್‌ಪಾತು. ಇನ್ನು ಸ್ವಲ್ಪ ಹೊತ್ತಿಗೆ ಆಸ್ಪತ್ರೆಯ ಗೇಟಿನ ಮುಂದೆ ಸಾಲು ಹತ್ತುತ್ತದೆ. ಅದಕ್ಕಿಂತ ಮೊದಲೇ ಅಂಬವ್ವ ಬಂದು ಕೂತಿರುತ್ತಾಳೆ.

ರಸ್ತೆಯ ಈಚೆ ಹಳೆಯ ಮಹಡಿ ವಠಾರದಂಥ ಚಾಳೊಂದರ ಮರದ ಮೆಟ್ಟಿಲಿದೆ. ಅದರ ಕೆಳಗೆ ಒಬ್ಬರು ಕಾಲು ಮಡಚಿ ಕೂರುವಷ್ಟು ಜಾಗ. ಹಿಂದೆ ಅಲ್ಲಿ ಗಡಿಯಾರ ರಿಪೇರಿಯವನಿದ್ದನಂತೆ. ಅವನು ಬಿಟ್ಟುಹೋದ ಹಲಗೆಯ ಮೇಲೆ ಈಗ ಕೈಯಿಂದ ತಿರುಗಿಸುವ ಹೊಲಿಗೆ ಮಷೀನು. ಮೇಲೆ ಯಾರಾದರೂ ಮೆಟ್ಟಿಲಿಳಿದರೆ ಮಷೀನಿನ ಮೇಲೆ ಧೂಳು ಉದುರುತ್ತದೆ. ಅಂಬವ್ವ ಸೆರಗಿನಿಂದ ಅದನ್ನು ಒರೆಸಲು ಹೋಗುತ್ತಾಳೆ, ಸೆರಗು ಸಾಲುವುದಿಲ್ಲ. ಹೆಗಲ ಮೇಲಿಂದ ಇಳಿದದ್ದು ಸೊಂಟ ಮುಟ್ಟುವುದರೊಳಗೇ ಮುಗಿದುಹೋಗುತ್ತದೆ. ಸಿಕ್ಕಿಸಲು ಬಾರದ ಅದನ್ನು ಎಳೆದುಕೊಳ್ಳುತ್ತ ಬೇರೊಂದು ಚಿಂದಿಯಿಂದ ಮಷೀನು ಒರೆಸುತ್ತಾಳೆ. ಹೊಲಿಯುವವಳ ಮೈಮೇಲೇ ಇಂಥ ಗಿಡ್ಡ ಸೆರಗೇಕೆ ಎಂದು ನನಗೆ ಮೊದಲ ದಿನವೇ ಅನ್ನಿಸಿತ್ತು. ಕೇಳಲಿಲ್ಲ.

ಆಕೆ ಹೊಲಿಯುವುದು ಟೊಪ್ಪಿಗೆ. ಕ್ಯಾನ್ಸರಿನ ಔಷಧದ ಕಾವಿಗೆ ಕೂದಲು ಉದುರಿದವರು ಹಾಕಿಕೊಳ್ಳುವ ಮೆತ್ತನೆಯ ಬಟ್ಟೆಯ ಟೊಪ್ಪಿಗೆ. ಮೆಟ್ಟಿಲಿನ ಕೆಳಗೆ ಕಟ್ಟಿದ ಹಗ್ಗದಲ್ಲಿ ಅವು ಸಾಲಾಗಿ ತೂಗುತ್ತವೆ. ಮೊದಲ ಸಲ ನೋಡಿದವರಿಗೆ ಎಲ್ಲವನ್ನೂ ತಿರುವುಮುರುವಾಗಿ ಹೊಲಿದಂತೆ ಕಾಣುತ್ತದೆ, ಏಕೆಂದರೆ ಹೊಲಿಗೆಯ ಅಂಚುಗಳೆಲ್ಲ ಹೊರಗಡೆಗೇ ಇವೆ.

ನಾನು ನಿಂತಿದ್ದಾಗಲೇ ಒಬ್ಬ ಗಂಡಸು ಬಂದು ಒಂದನ್ನು ತಿರುಗಿಸಿ ನೋಡಿ, "ಉಲ್ಟಾ ಹೈ ಕ್ಯಾ?" ಎಂದು ಕೇಳಿದ. ಅಂಬವ್ವ ತಲೆ ಅಲ್ಲಾಡಿಸಿದಳು. ಅವನು ಅದನ್ನು ಮತ್ತೆ ಹಗ್ಗಕ್ಕೆ ಸಿಕ್ಕಿಸಿ ಸಾಲಿಗೆ ಹೋದ. ಬೆಳಗಿನ ಮೊದಲ ಗಿರಾಕಿ ಹೀಗೆ ಹೋದರೆ ಮನಸ್ಸಿಗೆ ಏನೂ ಅನ್ನಿಸುವುದಿಲ್ಲವೇ ಎಂದು ಕೇಳಿದೆ. "ಹೋಗೋರು ಮೊದಲ ಹೋಗಿಬಿಟ್ಟರ ಚಲೋ. ತಗೊಂಡು ಹೋಗಿ ತಿರುಗಿ ತಂದಿಟ್ಟರ ಭಾಳ ಬ್ಯಾನಿ ಆಗ್ತೈತಿ," ಎಂದಳು. ಆ ಮಾತು ನನಗೆ ಆಗ ಅರ್ಥವಾಗಲಿಲ್ಲ.

ನಮ್ಮ ಪತ್ರಿಕೆಯ ಪುರವಣಿಯವರಿಗೆ ಗೆದ್ದವರ ಕಥೆಯೇ ಬೇಕು. ನಡುವೆ ಎಷ್ಟು ಸಲ ಬಿದ್ದರೂ ಅಡ್ಡಿಯಿಲ್ಲ, ಕೊನೆಯ ಪ್ಯಾರಾದಲ್ಲಿ ಎದ್ದು ನಿಂತಿರಬೇಕು. "ಸಣ್ಣ ವ್ಯಾಪಾರ ಮಾಡಿದವರು ಕಲಿತ ಪಾಠಗಳು, ಒಂದು ಪುಟ," ಎಂದು ಹೇಳಿ ನನ್ನನ್ನು ಅಟ್ಟಿದರು. ನಾನು ಅಂಬವ್ವನ ಹತ್ತಿರ ಬಂದು ಕೂತೆ. ಅವರು ಕೇಳಿದ್ದೊಂದು, ನಾನು ತಂದದ್ದು ಇನ್ನೊಂದು. ಆಕೆ ನಾಲ್ಕು ವ್ಯಾಪಾರ ಮಾಡಿದ್ದಾಳೆ, ಮೂರು ಮುಳುಗಿವೆ, ನಾಲ್ಕನೆಯದು ನನ್ನ ಕಣ್ಣೆದುರೇ ಮುಳುಗುತ್ತಿದೆ.

"ಪಾಠಾನ?" ಎಂದು ಅಂಬವ್ವ ನಕ್ಕಳು. "ಸಾಲ್ಯಾಗ ಕಲೀಲಾರದ್ದನ್ನ ಇಲ್ಲೇನ ಕಲೀತಿದ್ನೆವಾ. ಒಂದ ಕಲಿತೆ ಅಂದ್ರ ಮುಂದಿನ ಧಂದಾದಾಗ ಅದು ಉಪಯೋಗಕ್ಕ ಬರ್ತಿರಲಿಲ್ಲ."

ತಾಳಿಕೋಟೆ ಕಡೆಯ ಹಳ್ಳಿಯಿಂದ ಮದುವೆಯಾಗಿ ಪರೇಲಿನ ಚಾಳಿಗೆ ಬಂದಾಗ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಗಂಡ ಗದಿಗೆಪ್ಪ ದಾದರಿನ ಹೂವಿನ ಮಾರ್ಕೆಟ್ಟಿನಲ್ಲಿ ಹಮಾಲಿ. ಕೆಲವು ವರ್ಷಗಳಲ್ಲಿ ಮಿಲ್ಲಿನ ಜಾಗದಲ್ಲಿ ಟವರುಗಳು ಏಳತೊಡಗಿದವು, ಕಾಂಕ್ರೀಟು ಹೊರಲು ವಿಜಯಪುರ, ಕಲಬುರಗಿ ಕಡೆಯ ಹುಡುಗರು ಲಾರಿಗಟ್ಟಲೆ ಬಂದರು. ವಡಾ ಪಾವಿನಿಂದ ಅವರ ಹೊಟ್ಟೆ ತುಂಬುತ್ತಿರಲಿಲ್ಲ. ಅಂಬವ್ವ ಜೋಳದ ರೊಟ್ಟಿ ಬಡಿಯಲು ಕೂತಳು. ಚಾಳಿನ ಓಣಿಯಲ್ಲಿ ರೊಟ್ಟಿ ಸದ್ದು ಕೇಳಿ ಊರಿನ ಹುಡುಗರು ಹುಡುಕಿಕೊಂಡು ಬರುತ್ತಿದ್ದರು.

"ಇವತ್ತ ಇನ್ನೊಂದ ಮಾಳಿಗಿ ಏರಿಸಿದೆವಕ್ಕಾ ಅಂತ ಬಂದು ಹೇಳೋರು. ನನಗ ಖುಷಿ ಆಗ್ತಿತ್ತು. ಹುಚ್ಚಿ. ಬಿಲ್ಡಿಂಗ ಮ್ಯಾಲ ಮ್ಯಾಲ ಹೋದಂಗ ನನ್ನ ಧಂದಾ ಮುಗೀಲಿಕ್ಕತ್ತಿತ್ತು ಅಂತ ತಿಳೀಲೇ ಇಲ್ಲ."

ಟವರು ಮುಗಿಯಿತು, ಹುಡುಗರು ಬೇರೆ ಕಡೆ ಹೋದರು. ಟವರಿನೊಳಗೆ ಬಂದು ಸೇರಿದವರಿಗೆ ರೊಟ್ಟಿ ಬೇಕಿರಲಿಲ್ಲ. ಗಂಡ ಹೇಗೂ ಹೂವಿನ ಮಾರ್ಕೆಟ್ಟಿನಲ್ಲೇ ಇದ್ದ, ಹಾಗಾಗಿ ಅಂಬವ್ವ ಬುಟ್ಟಿ ಹಿಡಿದು ದಾದರ್ ಸ್ಟೇಷನ್ನಿನ ಹೊರಗೆ ಮಲ್ಲಿಗೆ ಮಾರಲು ನಿಂತಳು. ಪಕ್ಕದ ಹೂವಿನವರು ನಿನ್ನೆಯ ಮಾಲೆಗೆ ನೀರು ಚಿಮುಕಿಸಿ ಇವತ್ತಿನದೆಂದು ಮಾರುವುದನ್ನು ಕಲಿಸಿಕೊಟ್ಟರು. ಆಕೆಗೆ ಬರಲಿಲ್ಲ. ಯಾರಾದರೂ "ತಾಜಾ ಹೈ?" ಎಂದು ಕೇಳಿದರೆ "ನಿನ್ನೀದು" ಎಂದೇ ಬಾಯಿಗೆ ಬರುತ್ತಿತ್ತು. ಹೀಗೆ ಹೂವು ಮಾರಿ ಮುಂಬೈಯಲ್ಲಿ ಬದುಕುತ್ತೇನೆಂದುಕೊಂಡವರನ್ನು ಏನನ್ನಬೇಕೋ ನನಗೆ ತಿಳಿಯದು. ಒಂದು ದಿನ ಮುನಸಿಪಾಲಿಟಿ ಗಾಡಿ ಬಂದು ಬುಟ್ಟಿಯನ್ನೇ ಎತ್ತಿಕೊಂಡು ಹೋಯಿತು. ಮತ್ತೆ ಬುಟ್ಟಿ ಕೊಳ್ಳಲಿಲ್ಲ.

ಆಗ ಗಂಡ ಹೆಂಡತಿ ಆಂಟಾಪ್ ಹಿಲ್‌ಗೆ ಮನೆ ಬದಲಿಸಿದ್ದರು. ಸುತ್ತ ನಮ್ಮ ಕಡೆಯ ಕುಟುಂಬಗಳು ಸಾಕಷ್ಟಿದ್ದವು, ತೊಟ್ಟಿಲಿಗೆ ಹಾಕುವ ಕಾರ್ಯ ವಾರಕ್ಕೊಂದು ಇದ್ದೇ ಇರುತ್ತಿತ್ತು. ತೊಟ್ಟಿಲಿದ್ದಲ್ಲಿ ಕುಲಾವಿ ಬೇಕು. ಕೂಸಿನ ತಲೆ, ಕಿವಿ ಮುಚ್ಚಿ ಗದ್ದದ ಕೆಳಗೆ ಕಟ್ಟುವ ಪುಟ್ಟ ಟೊಪ್ಪಿಗೆ. ತವರಿನಲ್ಲಿ ಅವ್ವನಿಂದ ಕಲಿತಿದ್ದ ಹೊಲಿಗೆ ಅಂಬವ್ವನ ಮೂರನೆಯ ವ್ಯಾಪಾರವಾಯಿತು.

ಈ ಕುಲಾವಿಗೆ ಒಂದು ರೂಢಿ ಇದೆ. ಕೂಸಿನ ಮೊದಲ ಕುಲಾವಿ ಹೊಸ ಬಟ್ಟೆಯದಾಗಿರಬಾರದು. ಹಿರಿಯ ಹೆಣ್ಣುಮಗಳೊಬ್ಬಳ ಉಟ್ಟು ಒಗೆದು ಮೆತ್ತಗಾದ ಹಳೆಯ ಸೀರೆಯದಾಗಿರಬೇಕು. ಯಾರದ್ದಾದರೂ ನಡೆಯುವುದಿಲ್ಲ. ಬಹಳ ವರ್ಷ ಬಾಳಿದವಳ ಸೀರೆ ಬೇಕು, ಮಕ್ಕಳನ್ನು ಹೆತ್ತು ಎಲ್ಲರನ್ನೂ ಉಳಿಸಿಕೊಂಡವಳ ಸೀರೆ ಬೇಕು. ಕೊಡುವಾಗ "ಇದು ಇಂಥವರ ಸೀರೆ" ಎಂದು ಹೆಸರು ಹೇಳಿ ಕೊಡಬೇಕು. ಹೆಸರು ಕೇಳಿದ ಬಾಣಂತಿ ಅದನ್ನು ಕಣ್ಣಿಗೊತ್ತಿಕೊಳ್ಳುತ್ತಾಳೆ. ಹೊಲಿಗೆ ಹೊರಗಿಡುವುದೂ ಇದಕ್ಕೇ ಸೇರಿದ ಮಾತು, ಎಳೆಯ ನೆತ್ತಿಗೆ ಅಂಚು ಒತ್ತಬಾರದು.

ಆಂಟಾಪ್ ಹಿಲ್‌ನಲ್ಲಿ ಇಂಥ ಸೀರೆಗೆ ಎಲ್ಲರೂ ಹೋಗುತ್ತಿದ್ದದ್ದು ಇಂದ್ರಾಬಾಯಿಯ ಮನೆಗೆ. ಏಳು ಮಕ್ಕಳು, ಏಳೂ ಬದುಕಿವೆ. ಮರಿಮಕ್ಕಳ ಲೆಕ್ಕ ಆಕೆಗೇ ತಪ್ಪುತ್ತಿತ್ತು. ವರ್ಷಗಟ್ಟಲೆ ಆಕೆಯ ಸೀರೆಗಳು ಅಂಬವ್ವನ ಕತ್ತರಿಯಲ್ಲಿ ಕುಲಾವಿಗಳಾದವು. ಆಮೇಲೆ ಬಾಣಂತಿಯರು ಶಾಪಿಂಗ್ ಮಾಲಿನಿಂದ ಕರಡಿ ಕಿವಿಯ ಟೊಪ್ಪಿಗೆ ತರತೊಡಗಿದರು. ಯಾರೂ ಜಗಳವಾಡಲಿಲ್ಲ, ಬೇಡವೆನ್ನಲೂ ಇಲ್ಲ. "ರೂಢಿ ಬಿಡೋರು ನಿಂತು ಹೇಳಿ ಬಿಡೂದಿಲ್ಲ. ಬರೂದು ನಿಲ್ಲಸ್ತಾರ ಅಷ್ಟ," ಎನ್ನುತ್ತಾಳೆ ಅಂಬವ್ವ.

ಆಸ್ಪತ್ರೆಯ ಟೊಪ್ಪಿಗೆ ಶುರುವಾದದ್ದು ಹೀಗೆ. ಸಂಬಂಧಿಕರೊಬ್ಬರನ್ನು ನೋಡಲು ಪರೇಲಿಗೆ ಬಂದಾಗ ಫುಟ್‌ಪಾತಿನ ಮೇಲೊಬ್ಬ ಹೆಂಗಸು ಅಂಗಡಿಯ ಟೊಪ್ಪಿಗೆಯನ್ನು ಹಾಕಿ ತೆಗೆದು, ಹಾಕಿ ತೆಗೆದು ಒದ್ದಾಡುತ್ತಿದ್ದಳು. ಕೂದಲಿಲ್ಲದ ತಲೆಗೆ ಒಳಗಿನ ಹೊಲಿಗೆ ಒತ್ತುತ್ತಿತ್ತು. ಅಂಬವ್ವ ಅದನ್ನು ತೆಗೆದುಕೊಂಡು ಒಳಗಿನದನ್ನು ಹೊರಗೆ ಮಾಡಿ ಕೊಟ್ಟಳು. ಆ ಹೆಂಗಸು ಹಾಕಿಕೊಂಡು ಸುಮ್ಮನೆ ಕಣ್ಣು ಮುಚ್ಚಿದಳಂತೆ. ಮರುವಾರ ಅಂಬವ್ವ ಮೆಟ್ಟಿಲ ಕೆಳಗಿನ ಜಾಗ ಬಾಡಿಗೆಗೆ ಹಿಡಿದಳು.

ಇಲ್ಲಿ ಆಕೆಯ ಕೆಲಸದ ಒಂದು ರೀತಿ ಹೇಳಬೇಕು. ಆಕೆ ಯಾರ ತಲೆಯನ್ನೂ ಮುಟ್ಟುವುದಿಲ್ಲ. ಒಂದು ನೂಲಿನ ಎಳೆ ಕೊಟ್ಟು ಅವರೇ ಅಳತೆ ಹಿಡಿಯಲಿ ಎನ್ನುತ್ತಾಳೆ. ಹೊಲಿದಾದ ಮೇಲೆ ನೂಲನ್ನು ಟೊಪ್ಪಿಗೆಯೊಳಗಿಟ್ಟು ಅವರಿಗೇ ವಾಪಸು ಕೊಡುತ್ತಾಳೆ. ಮನುಷ್ಯರ ಮೈಯ ಅಳತೆಯನ್ನು ಪರರ ಮನೆಯಲ್ಲಿ ಉಳಿಸಿಕೊಳ್ಳಬಾರದಂತೆ. ಇಷ್ಟೆಲ್ಲ ಜಾಗ್ರತೆಯವಳು ದೊಡ್ಡ ತಪ್ಪೊಂದನ್ನು ಮಾಡಿದಳು. ಆಸ್ಪತ್ರೆಯ ಟೊಪ್ಪಿಗೆಯನ್ನೂ ಹಳೆಯ ಸೀರೆಯಿಂದ ಹೊಲಿದಳು, ಮತ್ತು ಹೆಸರು ಹೇಳಿ ಕೊಟ್ಟಳು.

ಬಟ್ಟೆ ಮೆತ್ತಗಿತ್ತು, ಹೊಲಿಗೆ ಒತ್ತುತ್ತಿರಲಿಲ್ಲ, ವ್ಯಾಪಾರ ಚೆನ್ನಾಗಿಯೇ ಕುದುರಿತು. ಕೊಳ್ಳುವ ಪ್ರತಿಯೊಬ್ಬರಿಗೂ ಅಂಬವ್ವ ತನ್ನ ಹಿಂದಿಯಲ್ಲಿ ಹೇಳುತ್ತಿದ್ದಳು: ಇದು ನಮ್ಮ ಇಂದ್ರಾಬಾಯಿಯ ಸೀರೆ, ತೊಂಬತ್ತು ದಾಟಿದ್ದಾಳೆ, ಇನ್ನೂ ತಾನೇ ಸೂಜಿಗೆ ದಾರ ಪೋಣಿಸುತ್ತಾಳೆ. ಬಿಹಾರದವರು, ಬಂಗಾಳದವರು, ಮರಾಠವಾಡದವರು ತಲೆಯಾಡಿಸಿ ಕೊಂಡೊಯ್ಯುತ್ತಿದ್ದರು. ಕೆಲವರು ಮತ್ತೆ ತಪಾಸಣೆಗೆ ಬಂದಾಗ ಇಂದ್ರಾಬಾಯಿ ಹೇಗಿದ್ದಾಳೆಂದು ಕೇಳುತ್ತಿದ್ದರು. ಕಾಣದ ಮುದುಕಿಯೊಬ್ಬಳು ಫುಟ್‌ಪಾತಿನವರಿಗೆಲ್ಲ ಅಜ್ಜಿಯಾಗಿಬಿಟ್ಟಿದ್ದಳು.

ಕಳೆದ ಮಳೆಗಾಲದಲ್ಲಿ ಇಂದ್ರಾಬಾಯಿ ತೀರಿಕೊಂಡಳು. ಉಂಡು ಮಲಗಿದವಳು ಏಳಲಿಲ್ಲ. ಆ ವಾರವೇ ಒಬ್ಬ ಹೆಂಗಸು ಬಂದು ಎಂದಿನಂತೆ "ದಾದೀ ಕೈಸೀ ಹೈ?" ಎಂದು ಕೇಳಿದಳು. ಅಂಬವ್ವ ಇದ್ದದ್ದನ್ನು ಇದ್ದಂತೆ ಹೇಳಿದಳು.

"ನಾ ಹೇಳಬಾರದಿತ್ತೇನು? ತುಂಬಿದ ಬಾಳೇವು ಬಾಳಿ, ಯಾರ ಕೈಲೂ ಮಾಡಿಸ್ಕೊಳ್ಳದ ಹೋದಾಕಿ. ಅಂಥಾ ಸಾವು ಯಾರಿಗೆ ಸಿಗತೈತಿ? ನಮ್ಮ ಮಂದಿ ಆಗಿದ್ದರ ಇನ್ನೊಂದ ತುಣುಕು ಕೊಡು ಅಂತ ಕೇಳತಿದ್ದರು." ಗೇಟಿನ ಕಡೆ ಕೈ ತೋರಿಸಿ, "ಆದರ ಇಲ್ಲಿ ಮಲಗಿದೋರಿಗೆ ಸಾವು ಅಂದ್ರ ಸಾವ. ಅದರಾಗ ಚಲೋದು, ಕೆಟ್ಟದ್ದು ಇಲ್ಲ," ಎಂದಳು.

ಸತ್ತವಳ ಸೀರೆಯ ಟೊಪ್ಪಿಗೆ ಎಂಬ ಸುದ್ದಿ ಫುಟ್‌ಪಾತಿನುದ್ದಕ್ಕೂ ಹೋಯಿತು. ಮರುದಿನ ಬೆಳಿಗ್ಗೆ ಅಂಬವ್ವ ಬಂದು ನೋಡಿದರೆ ಹಲಗೆಯ ಮೇಲೆ ಟೊಪ್ಪಿಗೆಗಳಿದ್ದವು. ಯಾರೂ ಬೈದಿರಲಿಲ್ಲ, ಎಸೆದಿರಲಿಲ್ಲ. ಒಗೆದು, ಒಣಗಿಸಿ, ಮಡಚಿ ಇಟ್ಟು ಹೋಗಿದ್ದರು. ಅದರ ಮರುದಿನ ಇನ್ನಷ್ಟು ಬಂದವು. ಒಂದರೊಳಗೆ ಅಳತೆಯ ನೂಲೂ ಇತ್ತು. ಅದನ್ನು ಹೇಳುವಾಗ ಮಾತ್ರ ಅಂಬವ್ವನ ಕೈ ಮಷೀನಿನ ಹಿಡಿಕೆಯ ಮೇಲೆ ನಿಂತುಬಿಟ್ಟಿತು. ಬೈದಿದ್ದರೆ ಚೆನ್ನಾಗಿತ್ತು ಎಂದು ನನಗನ್ನಿಸಿತು. ಬೈಗುಳಕ್ಕೆ ಉತ್ತರ ಕೊಡಬಹುದು, ಒಗೆದು ಮಡಚಿದ ಬಟ್ಟೆಗೆ ಏನು ಹೇಳುವುದು?

ಮಗಳು ರೂಪಾಲಿ ಲೋವರ್ ಪರೇಲಿನ ಆಫೀಸೊಂದರಲ್ಲಿ ಕೆಲಸ ಮಾಡುತ್ತಾಳೆ. ನಾನು ಕೂತಿದ್ದಾಗ ತಾಯಿಗೆ ಡಬ್ಬಿ ಕೊಡಲು ಬಂದಳು. ಚುರುಕು ಹುಡುಗಿ. ಕನ್ನಡ ಶುರು ಮಾಡಿ ಹಿಂದಿಯಲ್ಲಿ ಮುಗಿಸುತ್ತಾಳೆ.

"ನಾನು ಮೊದಲೇ ಹೇಳಿದೆ ಆಯೀಗೆ, ಬತಾತೀ ಕ್ಯೂಂ ಹೈ? ಕಾಟನ್ ಹೈ, ಸಾಫ್ಟ್ ಹೈ, ಬಸ್. ಕಿಸೀಕೋ ಕ್ಯಾ ಪತಾ?"

"ಯಾರ ಸೀರಿ ಅಂತ ಹೇಳದಿದ್ದರ ಅದು ಬರೇ ಹಳೇ ಅರಿವಿ ಆಗ್ತೈತಿ, ರೂಪಾ."

"ಹಳೇ ಅರಿವೀನೇ ತೋ ಹೈ, ಆಯೀ."

ಅಂಬವ್ವ ಮಷೀನು ತಿರುಗಿಸತೊಡಗಿದಳು. ರೂಪಾಲಿ ನನ್ನ ಕಡೆ ನೋಡಿ ಭುಜ ಹಾರಿಸಿದಳು. ಹೋಗುವಾಗ ತಾಯಿಯ ಸೆರಗು ಎಳೆದು ಸರಿಮಾಡಲು ನೋಡಿ, "ಮನೇಲಿ ಇಷ್ಟು ಸೀರೆ ಇದೆ, ಫಿರ್ ಭೀ ಯಹೀ," ಎಂದು ಗೊಣಗಿದಳು.

ಈಗ ಅಂಬವ್ವ ದಾದರಿನಿಂದ ಹೊಸ ಬಟ್ಟೆಯ ತುಂಡು ತಂದು ಹೊಲಿಯುತ್ತಾಳೆ. ನಾಲ್ಕಾರು ಸಲ ಒಗೆದರೂ ಅದು ಸೀರೆಯಷ್ಟು ಮೆತ್ತಗಾಗುವುದಿಲ್ಲ. ಗಿರಾಕಿಗಳು ಕಡಿಮೆ. ಕೆಲವು ದಿನ ಜಿಪ್ಪು ರಿಪೇರಿ, ಚೀಲದ ಹಿಡಿಕೆ ಹೊಲಿಯುವುದರಲ್ಲೇ ಮುಗಿಯುತ್ತದೆ. ಗದಿಗೆಪ್ಪ ಬೆನ್ನು ಹಿಡಿದು ಮನೆ ಸೇರಿದ್ದಾನೆ, ಎಲ್ಲವನ್ನೂ ಬಿಟ್ಟು ಮನೆಯಲ್ಲಿರು ಎನ್ನುತ್ತಾನೆ. ಇಂದ್ರಾಬಾಯಿಯ ಉಳಿದ ಸೀರೆಗಳನ್ನು ಅವಳ ಸೊಸೆ ಹಳೆಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳಿಗೆ ಹಾಕಿ ಒಂದು ಡಬರಿ ತೆಗೆದುಕೊಂಡಳು. ಆ ಡಬರಿಯನ್ನು ಅಂಬವ್ವ ನೋಡಿದ್ದಾಳೆ. "ಚಲೋ ಐತಿ. ದಪ್ಪ ತಳಾ," ಎಂದಳು.

ನನಗೆ ಸಿಟ್ಟು ಬಂದಿತ್ತು. ಟೊಪ್ಪಿಗೆ ವಾಪಸು ಇಟ್ಟವರ ಮೇಲೆ ನಿನಗೆ ಬೇಜಾರಿಲ್ಲವೇ, ಹೀಗೂ ಮೂಢನಂಬಿಕೆಯೇ ಎಂದು ಕೇಳಿಬಿಟ್ಟೆ. ಅಂಬವ್ವ ಹೊಲಿಯುವುದನ್ನು ನಿಲ್ಲಿಸಿದಳು.

"ಅವರಿಗೇನಂತ ಅನ್ನಲೆವಾ. ನಾನೂ ಅವರಂಥಾಕೀನ."

ಆಮೇಲೆ ಹೇಳಿದಳು. ರೂಪಾಲಿಗಿಂತ ಮೊದಲು ಒಂದು ಗಂಡು ಕೂಸು ಇತ್ತು, ಹೆಸರು ಈಶ್ವರ. ಪರೇಲಿನ ಚಾಳಿನಲ್ಲಿ, ಮಳೆಗಾಲದಲ್ಲಿ, ಜ್ವರಕ್ಕೆ ಹೋಯಿತು. ಇನ್ನೂ ಅಂಬೆಗಾಲಿಡುತ್ತಿತ್ತು. ಅಂದಿನಿಂದ ಅಂಬವ್ವನ ಸೀರೆಯನ್ನು ಯಾರೂ ಕುಲಾವಿಗೆ ಕೇಳಿಲ್ಲ. ಆಂಟಾಪ್ ಹಿಲ್‌ನಲ್ಲಿ ತನ್ನ ಕೈಯಿಂದ ಹೊಲಿಸಿಕೊಂಡ ಬಾಣಂತಿಯರೂ ಸೀರೆಗೆ ಇಂದ್ರಾಬಾಯಿಯ ಮನೆಗೇ ಹೋದರು. ಅದರಲ್ಲಿ ತಪ್ಪೇನಿದೆ ಎಂದೇ ಅಂಬವ್ವನೂ ತಿಳಿದಿದ್ದಳು. ರೂಪಾಲಿ ಹುಟ್ಟಿದಾಗ ತಾನೇ ಇಂದ್ರಾಬಾಯಿಯ ಬಾಗಿಲಿಗೆ ಹೋಗಿ ಸೀರೆ ಬೇಡಿ ತಂದಳು. ಊರಿನ ಕೂಸುಗಳಿಗೆಲ್ಲ ಹೊಲಿದವಳು ತನ್ನ ಸೀರೆಗೆ ಒಮ್ಮೆಯೂ ಕತ್ತರಿ ಹಾಕಲಿಲ್ಲ. ಇಷ್ಟು ವರ್ಷ ಇದನ್ನು ಹೇಗೆ ಹೊತ್ತುಕೊಂಡಿದ್ದಳೋ.

ಕತ್ತರಿ ಹಾಕಿದ್ದು ಒಂದೇ ಸಲ, ಟೊಪ್ಪಿಗೆಗಳು ವಾಪಸು ಬಂದು ಕೆಲವು ತಿಂಗಳಾದ ಮೇಲೆ, ಚಳಿಗಾಲದಲ್ಲಿ.

ಸಿಂದಗಿ ಕಡೆಯ ಹೆಂಗಸು. ಹೆಸರು ದಾನೇಶ್ವರಿ. ಎಳೆಯ ಮಗಳು ವಿಜೇತಾ ಆಸ್ಪತ್ರೆಯೊಳಗೆ, ಆಗ ತಾನೇ ಕೂದಲು ಪೂರ್ತಿ ಹೋಗಿದೆ, ಕನ್ನಡಿ ಬೇಡವೆಂದು ಮುಖ ಮುಚ್ಚಿಕೊಂಡು ಮಲಗಿದೆ. ದಾನೇಶ್ವರಿ ಹಗ್ಗದ ಮೇಲಿನ ಟೊಪ್ಪಿಗೆ ಮುಟ್ಟಿ, ಹೊರಗಿದ್ದ ಅಂಚನ್ನು ಬೆರಳಿನಿಂದ ಸವರಿ, "ಇದು ಕುಲಾವಿ ಹೊಲಿಗಿ ಅಲ್ಲೇನವ್ವಾ?" ಎಂದಳು. ಪರೇಲಿನಲ್ಲಿ ಅಂಬವ್ವನನ್ನು ಹಾಗೆ ಕೇಳಿದವಳು ಅವಳೊಬ್ಬಳೇ. ಹೊಸ ಬಟ್ಟೆಯದು ಬೇಡ, ಯಾರದಾದರೂ ಹಿರಿಯರ ಸೀರೆಯಲ್ಲಿ ಹೊಲಿದುಕೊಡು ಎಂದಳು.

ಸೀರೆ ಇಲ್ಲ, ಕೊಡುತ್ತಿದ್ದಾಕೆ ಹೋದಳು ಎಂದಳು ಅಂಬವ್ವ. ದಾನೇಶ್ವರಿ ಆಕೆ ಉಟ್ಟಿದ್ದ ಸೀರೆಯನ್ನೇ ನೋಡಿದಳು. ತೊಳೆದು ತೊಳೆದು ತೆಳ್ಳಗಾದ ಹಸಿರು ಸೀರೆ.

"ಇದರಾಗ ಹೊಲಿ."

"ಇದು ಬ್ಯಾಡ. ನಂದು ಆಗೂದಿಲ್ಲ."

ಯಾಕೆಂದು ಹೇಳಬೇಕಾಯಿತು. ಹೇಳದೆ ಹೊಲಿದು ಕೊಡುವುದು ಅಂಬವ್ವನಿಂದಾಗದು, ಮಲ್ಲಿಗೆ ಮಾರಿದಾಗಲೂ ಆಗಲಿಲ್ಲ. ಮೆಟ್ಟಿಲ ಕೆಳಗೆ ಕೂತು, ಮಗಳನ್ನು ಒಳಗೆ ಮಲಗಿಸಿ ಬಂದ ತಾಯಿಗೆ, ತನ್ನ ಕೂಸು ಹೋದದ್ದನ್ನು ಹೇಳಿದಳು. ದಾನೇಶ್ವರಿ ಎದ್ದು ಹೋಗುತ್ತಾಳೆ ಎಂದುಕೊಂಡಿದ್ದಳು. ಆಕೆ ಹೋಗಲಿಲ್ಲ. ಬಹಳ ಹೊತ್ತು ಗೇಟಿನ ಕಡೆ ನೋಡುತ್ತ ಕೂತಳು.

ಆಮೇಲೆ ದಾನೇಶ್ವರಿ ಹೇಳಿದ ಮಾತನ್ನು ಅಂಬವ್ವ ನನಗೆ ಅವಳದೇ ದನಿಯಲ್ಲಿ ಹೇಳಿ ತೋರಿಸಿದಳು. "ಕೂಸು ಹೋದ ಮ್ಯಾಲೂ ನೀ ಎದ್ದೀ, ರೊಟ್ಟಿ ಬಡದೀ, ಇಲ್ಲಿ ಬಂದು ಕುಂತೀ. ಅದ್ಹ್ಯಾಂಗ ಅಂತ ನನಗ ತಿಳೀಬೇಕಾಗೈತಿ. ನಿನ್ನ ಸೀರೀನ ಬೇಕು."

ಅಂಬವ್ವ ಅಲ್ಲಿಯೇ, ಉಟ್ಟ ಸೀರೆಯ ಸೆರಗಿಗೇ ಕತ್ತರಿ ಹಾಕಿದಳು. ಮನೆಗೆ ಹೋಗಿ ಬೇರೆ ಸೀರೆ ತರುತ್ತೇನೆಂದರೆ ಮನಸ್ಸು ತಿರುಗಿಬಿಡುತ್ತಿತ್ತು ಎನ್ನುತ್ತಾಳೆ. ನೂಲು ಕೊಟ್ಟು ಕಳಿಸಿದಳು, ದಾನೇಶ್ವರಿ ಒಳಗೆ ಹೋಗಿ ಅಳತೆ ತಂದಳು. ಚಿಕ್ಕ ತಲೆ. ಹೊಲಿದಾದ ಮೇಲೆ ಹೆಸರು ಹೇಳಿ ಕೊಟ್ಟಳು: ಇದು ಅಂಬವ್ವನ ಸೀರೆ. ಆ ಮಾತು ಆಕೆಯ ಬಾಯಿಂದ ಬಂದದ್ದು ಜೀವಮಾನದಲ್ಲಿ ಮೊದಲ ಸಲ. ದಾನೇಶ್ವರಿ ಅದನ್ನು ಕಣ್ಣಿಗೊತ್ತಿಕೊಂಡು ರಸ್ತೆ ದಾಟಿದಳು.

ಮತ್ತೆ ಬರಲಿಲ್ಲ. ಮಗುವನ್ನು ಊರಿಗೆ ಕರೆದೊಯ್ದರೋ, ಬೇರೆ ಆಸ್ಪತ್ರೆಗೆ ಕಳಿಸಿದರೋ, ಏನಾಯಿತೋ ಗೊತ್ತಿಲ್ಲ. ಗೇಟಿನಲ್ಲಿ ಕೇಳಿದರೆ ಯಾರ ಸಂಬಂಧಿ ಎಂದು ತಿರುಗಿ ಕೇಳುತ್ತಾರೆ. ಆ ಟೊಪ್ಪಿಗೆ ಮಾತ್ರ ಹಲಗೆಯ ಮೇಲೆ ವಾಪಸು ಬಂದಿಲ್ಲ. ದಿನಾ ಬೆಳಿಗ್ಗೆ ಬಂದ ಕೂಡಲೇ ಮೊದಲು ಹಲಗೆಯನ್ನು ನೋಡುತ್ತಾಳಂತೆ.

ಸಾಲು ಕರಗಿ ಬಿಸಿಲು ಮೆಟ್ಟಿಲ ತನಕ ಬಂದಿದೆ. ಮೇಲೆ ಯಾರೋ ಇಳಿದರು, ಮಷೀನಿನ ಮೇಲೆ ಮತ್ತೆ ಧೂಳು ಬಿತ್ತು. ಇನ್ನೆಷ್ಟು ದಿನ ಇಲ್ಲಿ ಕೂರುತ್ತೀ ಎಂದು ಕೇಳಿದೆ. ಅಂಬವ್ವ ಗಿಡ್ಡ ಸೆರಗನ್ನು ಎಳೆದುಕೊಂಡು, ಸಿಕ್ಕಿಸಲಾಗದೆ, ಮಡಿಲಲ್ಲಿ ಹಿಡಿದು ಕೂತಳು.

"ರೂಪಾ ದಿನಾ ಬೈತಾಳ, ಬ್ಯಾರೇದು ಉಟ್ಕೋ ಅಂತ. ಇದ ಇರಲಿ. ಆ ತಾಯಿ ಹುಡಕ್ಕೊಂಡ ಬಂದರ ಆಕಿಗೆ ಗುರುತು ಹತ್ತಬೇಕಲ್ಲ."